ಎರಡನೇ ಎಪಿಸೋಡಿಗೇ ತೀರ್ಪು: ಕ್ರೈಮ್ ಸೀರೀಸ್ ನೋಡುಗರು ನಿಜಕ್ಕೂ ಹೇಳುತ್ತಿರುವುದೇನು?

ಹೊಸ ಕ್ರೈಮ್ ಸೀರೀಸ್ ಒಂದರ ಮೊದಲೆರಡು ಎಪಿಸೋಡ್ ಬಂದ ರಾತ್ರಿಯೇ ಅಭಿಪ್ರಾಯಗಳು ಶುರುವಾಗುತ್ತವೆ. ಯಾವ ದೇಶದ ಸೀರೀಸ್ ಆದರೂ ಮಾತು ಹೆಚ್ಚುಕಡಿಮೆ ಒಂದೇ. ಒಬ್ಬರಿಗೆ ತುಂಬಾ ಲ್ಯಾಗ್ ಅನ್ನಿಸಿದೆ. ಇನ್ನೊಬ್ಬರಿಗೆ ಯಾರು ಯಾರ ಗಂಡ, ಯಾರು ಯಾರ ಅಣ್ಣ ಎಂದೇ ತಿಳಿದಿಲ್ಲ. ಮತ್ತೊಬ್ಬರು ಕೊಲೆಗಾರನನ್ನು ಆಗಲೇ ಹಿಡಿದುಬಿಟ್ಟಿದ್ದಾರೆ. ಪಾಪ, ಪೊಲೀಸರಿಗೆ ಮಾತ್ರ ಇನ್ನೂ ಆರು ಎಪಿಸೋಡ್ ಬೇಕು. ಇವರ ನಡುವೆ ಒಬ್ಬ ಹಳೆಯ ಅಭಿಮಾನಿ ಬಂದು, 'ನಾಲ್ಕನೇ ಎಪಿಸೋಡ್ ತನಕ ತಾಳಿ, ಆಮೇಲೆ ಮಾತಾಡಿ' ಎನ್ನುತ್ತಾನೆ.

ಈ ಮಾತುಗಳನ್ನು ಸುಮ್ನೆ ಗದ್ದಲ ಎಂದು ತಳ್ಳಿಹಾಕುವುದು ಸುಲಭ. ಸೀರೀಸ್ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ಇವು ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ, ನಿಜ. ಆದರೆ ಇವುಗಳಿಂದ ಇನ್ನೊಂದು ಸಂಗತಿ ಬಹಳ ಚೆನ್ನಾಗಿ ತಿಳಿಯುತ್ತದೆ. ಆ ಎಪಿಸೋಡ್ ನೋಡುಗನ ತಲೆಯಲ್ಲಿ ಯಾವ ಪ್ರಶ್ನೆ ಬಿತ್ತಿದೆ ಎನ್ನುವುದು. ಕ್ರೈಮ್ ಕಥೆಯ ಮಟ್ಟಿಗೆ ಇದು ಸಣ್ಣ ವಿಷಯ ಅಲ್ಲ. ಕೊನೆಯಲ್ಲಿ ಜನ ಕೊಂಡಾಡುವುದೂ ಬೈಯುವುದೂ ಹೆಚ್ಚಾಗಿ ಆ ಪ್ರಶ್ನೆಯ ಲೆಕ್ಕದಲ್ಲೇ.

(ಮುಂದೆ ಒಂದೆರಡು ಸೀರೀಸ್‌ಗಳ ಗುಟ್ಟು ಸ್ವಲ್ಪ ಬಯಲಾಗುತ್ತದೆ. ನೋಡಬೇಕೆಂದು ಇಟ್ಟುಕೊಂಡವರು ಎಚ್ಚರ.)

ಮೊದಲು, ಆರಂಭದ ತೀರ್ಪು ಎಷ್ಟು ತಪ್ಪಬಹುದು ಎಂದು ನೋಡೋಣ. 'ದಿ ವೈರ್' ಎಂಬ ಸೀರೀಸ್ ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ ಶುರುವಾದದ್ದು 2002ರ ಜೂನ್‌ನಲ್ಲಿ. ಬಾಲ್ಟಿಮೋರ್ ನಗರದ ಡ್ರಗ್ಸ್ ವ್ಯಾಪಾರ, ಪೊಲೀಸ್ ಇಲಾಖೆ, ಬಂದರು, ಶಾಲೆ, ಪತ್ರಿಕೆ ಎಲ್ಲವನ್ನೂ ಐದು ಸೀಸನ್‌ಗಳಲ್ಲಿ, 60 ಎಪಿಸೋಡ್‌ಗಳಲ್ಲಿ ಹೇಳಿದ ಕಥೆ ಅದು. ಪ್ರಸಾರವಾಗುತ್ತಿದ್ದ ಕಾಲದಲ್ಲಿ ನೋಡುಗರು ಕಡಿಮೆ. ಅಮೆರಿಕದ ಟಿವಿಗೆ ಕೊಡುವ ಎಮ್ಮಿ ಪ್ರಶಸ್ತಿ ಒಂದೇ ಒಂದೂ ಬರಲಿಲ್ಲ. ಇವತ್ತು ಟಿವಿಯ ಅತಿ ಶ್ರೇಷ್ಠ ಕೆಲಸಗಳ ಯಾವ ಪಟ್ಟಿ ತೆಗೆದರೂ ಅದು ಮೇಲ್ಗಡೆಯೇ ಇರುತ್ತದೆ. 'ಹಿಲ್ ಸ್ಟ್ರೀಟ್ ಬ್ಲೂಸ್' ಎಂಬ ಪೊಲೀಸ್ ಸೀರೀಸ್ 1981ರ ಜನವರಿಯಲ್ಲಿ ಎನ್‌ಬಿಸಿಯಲ್ಲಿ ಬಂದಾಗ ರೇಟಿಂಗ್ ಪಾತಾಳದಲ್ಲಿತ್ತು. ಆದರೂ ವಾಹಿನಿ ಅದನ್ನು ಉಳಿಸಿಕೊಂಡಿತು. ಅದೇ ವರ್ಷ ಅದಕ್ಕೆ 8 ಎಮ್ಮಿ ಪ್ರಶಸ್ತಿಗಳು ಬಂದವು. 'ಬ್ರೇಕಿಂಗ್ ಬ್ಯಾಡ್' ಮೊದಲ ಎಪಿಸೋಡನ್ನು 2008ರ ಜನವರಿಯಲ್ಲಿ ಅಮೆರಿಕದಲ್ಲಿ ನೋಡಿದವರು ಸುಮಾರು 14 ಲಕ್ಷ. 2013ರ ಸೆಪ್ಟೆಂಬರ್‌ನಲ್ಲಿ ಕೊನೆಯ ಎಪಿಸೋಡ್ ನೋಡಿದವರು ಒಂದು ಕೋಟಿಗೂ ಜಾಸ್ತಿ.

ಈ ಉದಾಹರಣೆಗಳನ್ನು ಕೊಟ್ಟು 'ನೋಡಿ, ತಾಳ್ಮೆ ಬೇಕು' ಎನ್ನುವ ವಾದ ತುಂಬಾ ಚಾಲ್ತಿಯಲ್ಲಿದೆ. ನನಗೆ ಆ ವಾದ ಪೂರ್ತಿ ಒಪ್ಪಿಗೆಯಿಲ್ಲ. ನಿಧಾನವಾಗಿ ಶುರುವಾಗಿ ಆಮೇಲೆ ಗೆದ್ದ ನಾಲ್ಕು ಸೀರೀಸ್‌ಗಳ ಹೆಸರು ಎಲ್ಲರಿಗೂ ಗೊತ್ತು. ನಿಧಾನವಾಗಿ ಶುರುವಾಗಿ, ನಿಧಾನವಾಗಿಯೇ ನಡೆದು, ಸುಸ್ತಾಗಿ ಮಲಗಿದ ಸೀರೀಸ್‌ಗಳ ಹೆಸರು ಯಾರಿಗೂ ನೆನಪಿರುವುದಿಲ್ಲ, ಅಷ್ಟೆ. ಅವುಗಳ ಸಂಖ್ಯೆಯೇ ಜಾಸ್ತಿ. 'ಲ್ಯಾಗ್' ಎಂದವನು ಬಹಳ ಸಲ ಸರಿಯಾಗಿಯೇ ಹೇಳಿರುತ್ತಾನೆ.

ನೋಡುಗ ಯಾವಾಗ ಸೀರೀಸ್‌ಗೆ ಅಂಟಿಕೊಳ್ಳುತ್ತಾನೆ ಎಂಬುದಕ್ಕೆ ಒಂದು ಅಳತೆ ಸಿಕ್ಕಿದ್ದು 2015ರಲ್ಲಿ. ನೆಟ್‌ಫ್ಲಿಕ್ಸ್ ಆ ವರ್ಷ ತನ್ನ ಬಳಿ ಇದ್ದ ಲೆಕ್ಕ ತೆಗೆದು ಒಂದು ವಿಷಯ ಹೊರಗೆ ಹಾಕಿತು. ಯಾವ ಎಪಿಸೋಡ್ ನೋಡಿದವರಲ್ಲಿ ಶೇ 70ರಷ್ಟು ಜನ ಮೊದಲ ಸೀಸನ್ ಪೂರ್ತಿ ಮುಗಿಸಿದರೋ, ಅದನ್ನು ಅಂಟಿಸಿಕೊಂಡ ಎಪಿಸೋಡ್ ಎಂದು ಎಣಿಸಿತು. ಪರಿಶೀಲಿಸಿದ ಯಾವ ಸೀರೀಸಿನಲ್ಲೂ ಅದು ಮೊದಲನೆಯದಾಗಿರಲಿಲ್ಲ. 'ಬ್ರೇಕಿಂಗ್ ಬ್ಯಾಡ್'ಗೆ ಎರಡನೆಯದು. ಬೇರೆ ಕೆಲವಕ್ಕೆ ಎಂಟನೆಯದು. ಸೀರೀಸ್‌ಗಳನ್ನು ಪೂರ್ತಿ ಒಟ್ಟಿಗೆ ಬಿಡುವ ಕಂಪನಿಗೆ ಈ ಫಲಿತಾಂಶ ಬಹಳ ಅನುಕೂಲ ಎಂಬುದನ್ನು ಮರೆಯಬಾರದು. ಆದರೂ ಒಂದು ಮಾತು ನಿಲ್ಲುತ್ತದೆ. ಮೊದಲ ಎಪಿಸೋಡ್ ಜನರನ್ನು ಕರೆಯುತ್ತದೆ, ಕೂರಿಸುವುದು ಆಮೇಲಿನವು.

ಇದಕ್ಕೆ ಕಾರಣ ಮೊದಲ ಎಪಿಸೋಡ್ ಹುಟ್ಟುವ ರೀತಿಯಲ್ಲೇ ಇದೆ. ಅಮೆರಿಕದ ಟಿವಿಯಲ್ಲಿ ಪೈಲಟ್ ಎಂದರೆ ಬಹುಮಟ್ಟಿಗೆ ಮಾರಾಟದ ಸ್ಯಾಂಪಲ್. ವಾಹಿನಿಯವರಿಗೆ ತೋರಿಸಿ ಒಪ್ಪಿಸಲು ಮಾಡಿದ್ದು. 'ಲಾ ಆ್ಯಂಡ್ ಆರ್ಡರ್' ಪೈಲಟ್ ಚಿತ್ರೀಕರಣವಾದದ್ದು 1988ರಲ್ಲಿ, ಸಿಬಿಎಸ್ ವಾಹಿನಿಗಾಗಿ. ಅವರು ಬೇಡ ಎಂದರು. ಕೊನೆಗೆ 1990ರಲ್ಲಿ ಎನ್‌ಬಿಸಿ ಸೀರೀಸ್ ಶುರು ಮಾಡಿದಾಗ ಆ ಪೈಲಟ್ ಆರನೇ ಎಪಿಸೋಡ್ ಆಗಿ ಪ್ರಸಾರವಾಯಿತು. ಮೊದಲ ಎಪಿಸೋಡಿನ ಮೇಲೆ ಹೊರಗಿನವರ ಕೈ ಕೂಡ ಜಾಸ್ತಿ. 'ದಿ ವೈರ್' ಮೊದಲ ಎಪಿಸೋಡಿನ ಕೊನೆಯಲ್ಲಿ ಒಂದು ಹೆಣ ಕಾಣುತ್ತದೆ. ಅದು ಯಾರೆಂದು ನೆನಪಿಸಲು ಕೋರ್ಟ್ ದೃಶ್ಯದ ಒಂದು ಚೂರನ್ನು ಮತ್ತೆ ತೋರಿಸುತ್ತಾರೆ. ವಾಹಿನಿಯವರ ಒತ್ತಾಯಕ್ಕೆ ಅದನ್ನು ಸೇರಿಸಬೇಕಾಯಿತು ಎಂದು ಸೀರೀಸ್ ಸೃಷ್ಟಿಸಿದ ಡೇವಿಡ್ ಸೈಮನ್ ಹೇಳಿದ್ದಾರೆ. ನೋಡುಗನಿಗೆ ತಿಳಿಯದೆ ಹೋದೀತು ಎಂಬ ಭಯ ವಾಹಿನಿಯದು. ತಿಳಿಯದಿದ್ದರೆ ಇರಲಿ, ಮುಂದೆ ತಿಳಿಯುತ್ತದೆ ಎಂಬ ಧೈರ್ಯ ಬರೆದವರದು. ಮೊದಲ ಎಪಿಸೋಡಿನ ಬಗ್ಗೆ ಬರುವ 'ಅರ್ಥವಾಗಲಿಲ್ಲ', 'ಎಲ್ಲವನ್ನೂ ಬಿಡಿಸಿ ಹೇಳಿ ಬೋರ್ ಮಾಡಿದರು' ಎಂಬ ಎರಡು ಬಗೆಯ ದೂರುಗಳೂ ಹುಟ್ಟುವುದು ಈ ಜಗಳದಿಂದಲೇ.

ಉಳಿದ ಬಗೆಯ ಸೀರೀಸ್‌ಗಳಿಗಿಂತ ಕ್ರೈಮ್ ಸೀರೀಸಿಗೆ ಇಲ್ಲಿ ಕಷ್ಟ ಜಾಸ್ತಿ. ಕುಟುಂಬದ ಕಥೆಯಾದರೆ ಪಾತ್ರಗಳನ್ನು ಪರಿಚಯ ಮಾಡಿಕೊಟ್ಟರೆ ಸಾಕು. ಇಲ್ಲಿ ಪರಿಚಯ ಮಾಡಿಕೊಡಬೇಕು, ಅದೇ ಹೊತ್ತಿಗೆ ಮುಚ್ಚಿಡಲೂಬೇಕು. ಸತ್ತವರ ಬಗ್ಗೆ ಮರುಕ ಹುಟ್ಟಬೇಕು, ಆದರೆ ಅವರ ಬದುಕಿನ ಬಗ್ಗೆ ಪೂರ್ತಿ ಹೇಳುವಂತಿಲ್ಲ. ಕೊಲೆಗಾರ ತೆರೆಯ ಮೇಲೆ ಬಂದು ಹೋಗಬೇಕು, ಇಲ್ಲದಿದ್ದರೆ ಕೊನೆಯಲ್ಲಿ ಮೋಸ ಎನ್ನುತ್ತಾರೆ. ಬಂದು ಹೋದದ್ದು ಯಾರ ಕಣ್ಣಿಗೂ ಬೀಳಬಾರದು, ಬಿದ್ದರೆ ಎರಡನೇ ಎಪಿಸೋಡಿಗೇ ಕಥೆ ಮುಗಿಯಿತು. ಹಾಗಾಗಿ ಆರಂಭದಲ್ಲಿ ಗೊಂದಲ ಇದ್ದರೆ ಅದು ಕೆಲವೊಮ್ಮೆ ತಪ್ಪಲ್ಲ, ಬೇಕೆಂದೇ ಇಟ್ಟದ್ದು. ಆದರೆ ಬೇಕೆಂದು ಇಟ್ಟ ಗೊಂದಲಕ್ಕೂ ಬರೆಯಲು ಬಾರದೆ ಆದ ಗೊಂದಲಕ್ಕೂ ವ್ಯತ್ಯಾಸ ನೋಡುಗನಿಗೆ ಹೇಗೆ ತಿಳಿಯಬೇಕು?

ಇಲ್ಲಿಗೆ ನಾನು ಮೊದಲು ಹೇಳಿದ ಪ್ರಶ್ನೆಯ ವಿಷಯ ಬರುತ್ತದೆ. ಗೊಂದಲದ ನಡುವೆಯೂ ನೋಡುಗನ ಕೈಯಲ್ಲಿ ಒಂದು ಪ್ರಶ್ನೆ ಉಳಿದಿದ್ದರೆ ಅವನು ಕಾಯುತ್ತಾನೆ. ಪ್ರಶ್ನೆಯೇ ಇಲ್ಲದಿದ್ದರೆ ಬರೀ ತಲೆನೋವು. ಪ್ರಶ್ನೆ ಯಾವಾಗಲೂ 'ಯಾರು ಕೊಂದದ್ದು' ಎಂದೇ ಇರಬೇಕಿಲ್ಲ.

ಈ ವಿಷಯದಲ್ಲಿ ಬಹಳ ಪಾಠ ಕಲಿಸುವುದು 'ದಿ ಕಿಲ್ಲಿಂಗ್'. 2007ರ ಡೆನ್ಮಾರ್ಕ್‌ನ ಮೂಲ ಸೀರೀಸಿನಲ್ಲಿ ಒಂದೇ ಕೊಲೆಯ ತನಿಖೆಗೆ 20 ಎಪಿಸೋಡ್. ಅಮೆರಿಕದ ರೂಪ 2011ರ ಏಪ್ರಿಲ್‌ನಲ್ಲಿ ಎಎಂಸಿಯಲ್ಲಿ ಬಂತು. ಜಾಹೀರಾತಿನಲ್ಲೇ 'ರೋಸಿ ಲಾರ್ಸೆನ್‌ಳನ್ನು ಕೊಂದವರು ಯಾರು?' ಎಂದು ಕೇಳಿದರು. ಆರಂಭದ ಅಭಿಪ್ರಾಯಗಳು ಒಳ್ಳೆಯವೇ ಇದ್ದವು. ಮಳೆ ಸುರಿಯುವ ಸಿಯಾಟಲ್, ಮಗಳನ್ನು ಕಳೆದುಕೊಂಡ ತಂದೆತಾಯಿಯ ದುಃಖವನ್ನು ಅವಸರ ಮಾಡದೆ ತೋರಿಸಿದ ರೀತಿ, ಇವೆಲ್ಲ ಜನರಿಗೆ ಹಿಡಿಸಿದ್ದವು. ಆದರೆ ಜೂನ್ 19ರಂದು ಸೀಸನ್ ಮುಗಿದಾಗ ಕೊಲೆಗಾರ ಯಾರೆಂದು ಹೇಳಲೇ ಇಲ್ಲ. ಜನ ಕೆರಳಿದರು. ಉತ್ತರ ಬಂದದ್ದು ಮರುವರ್ಷ, ಎರಡನೇ ಸೀಸನ್‌ನ ಕೊನೆಗೆ. ಅಷ್ಟರಲ್ಲಿ ಬಹಳ ಮಂದಿ ಬಿಟ್ಟು ಹೋಗಿದ್ದರು. 2012ರಲ್ಲಿ ಸೀರೀಸ್ ರದ್ದಾಯಿತು. ಮತ್ತೆ ಬಂತು, ಮತ್ತೆ ರದ್ದಾಯಿತು, ಕೊನೆಗೆ ನೆಟ್‌ಫ್ಲಿಕ್ಸ್‌ನಲ್ಲಿ 2014ರಲ್ಲಿ ಮುಗಿಯಿತು.

ಮಾಡಿದವರ ಕಡೆಯಿಂದ ನೋಡಿದರೆ ಅವರಿಗೆ ಕೊಲೆಗಾರನಿಗಿಂತ ಕೊಲೆಯ ನಂತರ ಉಳಿದವರ ಬದುಕು ಮುಖ್ಯವಾಗಿತ್ತು. ಅದು ಒಳ್ಳೆಯ ಉದ್ದೇಶವೇ. ಆದರೆ ಪೋಸ್ಟರ್ ಮೇಲೆ ಬೇರೆ ಪ್ರಶ್ನೆ ಬರೆದಿತ್ತು. ಮೊದಲ ವಾರಗಳ ನೋಡುಗರ ಮಾತೆಲ್ಲ 'ಯಾರು' ಎಂಬುದರ ಸುತ್ತಲೇ ಸುತ್ತುತ್ತಿತ್ತು. ಜನ ಆ ಪ್ರಶ್ನೆಗೇ ಸಮಯ ಕೊಟ್ಟಿದ್ದರು. ಸೀಸನ್ ಮುಗಿದ ಮೇಲೆ 'ನಾವು ಹೇಳಲು ಹೊರಟದ್ದು ಅದಲ್ಲ' ಎಂದರೆ ಯಾರು ಕೇಳುತ್ತಾರೆ?

ಇದಕ್ಕಿಂತ ಹಳೆಯ, ಇದಕ್ಕೆ ತಿರುಗಾ ಮುರುಗಾ ಆದ ಕಥೆ 'ಟ್ವಿನ್ ಪೀಕ್ಸ್'ದು. 1990ರ ಏಪ್ರಿಲ್‌ನಲ್ಲಿ ಶುರುವಾದಾಗ ಮೂರು ಕೋಟಿಗೂ ಹೆಚ್ಚು ಜನ ನೋಡಿದರು. ಲಾರಾ ಪಾಮರ್ ಎಂಬ ಹುಡುಗಿಯನ್ನು ಕೊಂದವರು ಯಾರು ಎಂಬುದು ಎಲ್ಲರ ಬಾಯಲ್ಲೂ ಇತ್ತು. ನಿರ್ದೇಶಕ ಡೇವಿಡ್ ಲಿಂಚ್‌ಗೆ ಆ ಗುಟ್ಟು ಬಿಟ್ಟುಕೊಡುವ ಮನಸ್ಸೇ ಇರಲಿಲ್ಲ. ವಾಹಿನಿ ಒತ್ತಡ ಹಾಕಿತು. ನವೆಂಬರ್‌ನಲ್ಲಿ ಉತ್ತರ ಕೊಟ್ಟರು. ಉತ್ತರ ಸಿಕ್ಕ ಮೇಲೆ ಜನ ಎದ್ದು ಹೋದರು. 1991ರ ಜೂನ್‌ನಲ್ಲಿ ಸೀರೀಸ್ ನಿಂತಿತು. ಉತ್ತರ ಕೊಡದೆ ಒಂದು ಸೀರೀಸ್ ಸೊರಗಿತು, ಉತ್ತರ ಕೊಟ್ಟು ಇನ್ನೊಂದು. ಎರಡರಲ್ಲೂ ಆರಂಭದ ಪ್ರಶ್ನೆಯ ಭಾರವನ್ನು ಕಥೆಯ ಉಳಿದ ಭಾಗ ಹೊರಲಾಗಲಿಲ್ಲ.

ಹಾಗಾದರೆ 'ಯಾರು' ಎಂಬ ಪ್ರಶ್ನೆಯನ್ನೇ ಬಿಟ್ಟರೆ? 'ಕೊಲಂಬೊ' ಎಂಬ ಅಮೆರಿಕದ ಸೀರೀಸ್ ಅದನ್ನು ಐವತ್ತು ವರ್ಷಗಳ ಹಿಂದೆಯೇ ಮಾಡಿತ್ತು. ಅದರಲ್ಲಿ ಕೊಲೆ ನಮ್ಮ ಕಣ್ಣೆದುರೇ ನಡೆಯುತ್ತದೆ, ಕೊಲೆಗಾರನ ಮುಖವೂ ಕಾಣುತ್ತದೆ. ಆ ಮಾಸಲು ರೇನ್‌ಕೋಟಿನ ಪತ್ತೇದಾರ ಅವನನ್ನು ಹೇಗೆ ಹಿಡಿಯುತ್ತಾನೆ ಎಂಬುದೇ ಕಥೆ. ನೋಡುಗ ಗುಟ್ಟು ಗೊತ್ತಿದ್ದೇ ಕೂರುತ್ತಾನೆ, ಬೇಜಾರಾಗುವುದಿಲ್ಲ.

ಈಚಿನ ಉದಾಹರಣೆ 2025ರ ಮಾರ್ಚ್‌ನಲ್ಲಿ ಬಂದ ಬ್ರಿಟನ್‌ನ 'ಅಡೋಲೆಸೆನ್ಸ್'. ನಾಲ್ಕೇ ಎಪಿಸೋಡ್, ಪ್ರತಿಯೊಂದೂ ಒಂದೇ ಶಾಟ್‌ನಲ್ಲಿ ತೆಗೆದದ್ದು. ಬೆಳಗಿನ ಜಾವ ಪೊಲೀಸರು ಬಾಗಿಲು ಒಡೆದು ನುಗ್ಗುತ್ತಾರೆ. ಹಾಸಿಗೆಯಲ್ಲಿದ್ದ 13 ವರ್ಷದ ಹುಡುಗನನ್ನು ಕೊಲೆ ಆರೋಪದ ಮೇಲೆ ಹಿಡಿದೊಯ್ಯುತ್ತಾರೆ. ಅವನು ಹೆದರಿ ಚಡ್ಡಿ ಒದ್ದೆ ಮಾಡಿಕೊಂಡಿದ್ದಾನೆ. ನೋಡುಗನ ಮನಸ್ಸು ಆ ಕ್ಷಣಕ್ಕೇ ಹುಡುಗನ ಪಕ್ಷ ಸೇರುತ್ತದೆ. ಇದು ಏನೋ ತಪ್ಪು ಬಂಧನ, ಮುಂದಿನ ಮೂರು ಎಪಿಸೋಡ್‌ನಲ್ಲಿ ನಿಜವಾದ ಕೊಲೆಗಾರ ಸಿಗುತ್ತಾನೆ ಎಂದು ಕ್ರೈಮ್ ಸೀರೀಸ್ ನೋಡಿ ಪಳಗಿದವರಿಗೆ ಅನ್ನಿಸುವುದು ಸಹಜ. ಆದರೆ ಅದೇ ಎಪಿಸೋಡಿನ ಕೊನೆಗೆ ಸಿಸಿಟಿವಿ ದೃಶ್ಯ ತೋರಿಸುತ್ತಾರೆ. ಕೊಂದದ್ದು ಅವನೇ. ತಂದೆಯೂ ಪಕ್ಕದಲ್ಲಿ ಕೂತು ಅದನ್ನು ನೋಡುತ್ತಾನೆ. ಅಲ್ಲಿಗೆ 'ಯಾರು' ಎಂಬುದು ಮುಗಿಯಿತು. 'ಯಾಕೆ' ಎಂಬುದು ಶುರುವಾಯಿತು.

ಈ ಎಪಿಸೋಡಿನ ಬಗ್ಗೆ ಬಂದ ಮಾತುಗಳಲ್ಲಿ ಒಂದು ವಿಶೇಷವಿತ್ತು. ಕೊಲೆಗಾರನ ಬಗ್ಗೆ ಊಹೆ ಕಟ್ಟುವ ಆಟಕ್ಕೆ ಅವಕಾಶವೇ ಇರಲಿಲ್ಲ. ಆ ಜಾಗದಲ್ಲಿ ಜನ ತಂದೆಯ ಬಗ್ಗೆ, ಮಕ್ಕಳ ಫೋನ್ ಬಗ್ಗೆ, ಶಾಲೆಯ ಬಗ್ಗೆ, ಹುಡುಗರಿಗೆ ಹುಡುಗಿಯರ ಮೇಲೆ ದ್ವೇಷ ತುಂಬುವ ಆನ್‌ಲೈನ್ ಗುಂಪುಗಳ ಬಗ್ಗೆ ಮಾತಾಡಿದರು. ನೋಡುಗರು ಇದ್ದಕ್ಕಿದ್ದಂತೆ ಗಂಭೀರರಾದರು ಎಂದಲ್ಲ. ಅವರ ಮುಂದಿಟ್ಟ ಪ್ರಶ್ನೆಯೇ ಬೇರೆ ಇತ್ತು. ಒಂದು ದೂರೂ ಕೇಳಿಬಂತು: ಸತ್ತ ಹುಡುಗಿ ಕೇಟಿಯ ಕಥೆ ಎಲ್ಲಿ? ಅದು ನ್ಯಾಯವಾದ ದೂರು. ಸೀರೀಸಿಗೂ ಅದು ಗೊತ್ತಿದ್ದಂತಿದೆ. ಎರಡನೇ ಎಪಿಸೋಡಿನಲ್ಲಿ ಒಬ್ಬ ಪೊಲೀಸ್ ಅಧಿಕಾರಿಯೇ, ಎಲ್ಲರಿಗೂ ಹುಡುಗ ನೆನಪಿರುತ್ತಾನೆ, ಆ ಹುಡುಗಿ ನೆನಪಿರುವುದಿಲ್ಲ ಎಂಬರ್ಥದ ಮಾತಾಡುತ್ತಾಳೆ. ಮಾತಿನಲ್ಲಿ ಒಪ್ಪಿಕೊಂಡರೆ ಸಾಕೇ ಎಂದು ಕೇಳಬಹುದು. ಸಾಲದು ಎಂದೇ ನನ್ನ ಅನಿಸಿಕೆ. ಆದರೆ ನಾಲ್ಕು ಎಪಿಸೋಡಿನ ಕಥೆ ಎಲ್ಲರ ಮನೆಗೂ ಹೋಗಲಾರದು ಎಂಬುದೂ ನಿಜ.

ಇನ್ನು ಊಹೆಯ ಆಟ. ಇದನ್ನು ಬರೀ ಕಾಲಹರಣ ಎನ್ನುವವರಿದ್ದಾರೆ. ನನಗಂತೂ ಕ್ರೈಮ್ ಸೀರೀಸಿನ ಅರ್ಧ ಖುಷಿ ಅದರಲ್ಲೇ ಇದೆ ಅನ್ನಿಸುತ್ತದೆ. ನೋಡುಗರ ತರ್ಕವೂ ವಿಚಿತ್ರ. ತನಿಖೆಯ ಸಾಕ್ಷ್ಯಕ್ಕಿಂತ ಸೀರೀಸಿನ ಸಾಕ್ಷ್ಯವನ್ನೇ ಹೆಚ್ಚು ನಂಬುತ್ತಾರೆ. 'ಇಷ್ಟು ದೊಡ್ಡ ನಟನನ್ನು ಇಷ್ಟು ಸಣ್ಣ ಪಾತ್ರಕ್ಕೆ ಸುಮ್ನೆ ಯಾಕೆ ಹಾಕುತ್ತಾರೆ?' 'ಎರಡನೇ ಎಪಿಸೋಡಲ್ಲಿ ಸಿಕ್ಕಿಬಿದ್ದವನು ಕೊಲೆಗಾರ ಆಗಿರಲು ಸಾಧ್ಯವೇ ಇಲ್ಲ.' ಕೋರ್ಟಿನಲ್ಲಿ ಇದು ನಡೆಯುವುದಿಲ್ಲ, ಸೋಫಾ ಮೇಲೆ ನಡೆಯುತ್ತದೆ. ಬರೆಯುವವರಿಗೂ ಇದು ಗೊತ್ತು. 2013ರಲ್ಲಿ ಐಟಿವಿಯ 'ಬ್ರಾಡ್‌ಚರ್ಚ್' ವಾರಕ್ಕೊಂದರಂತೆ ಎಂಟು ಎಪಿಸೋಡ್ ಬರುವಾಗ ಇಡೀ ಬ್ರಿಟನ್ ಊಹೆ ಮಾಡುತ್ತಿತ್ತು. ಗುಟ್ಟು ಸೋರಬಾರದೆಂದು ಹೆಚ್ಚಿನ ನಟರಿಗೇ ಕೊಲೆಗಾರ ಯಾರೆಂದು ಬಹಳ ಕಾಲ ಹೇಳಿರಲಿಲ್ಲ. 2021ರಲ್ಲಿ ಕೇಟ್ ವಿನ್ಸ್ಲೆಟ್ ನಟಿಸಿದ 'ಮೇರ್ ಆಫ್ ಈಸ್ಟ್‌ಟೌನ್' ಏಳು ವಾರ ಹೀಗೆಯೇ ಜನರನ್ನು ಆಡಿಸಿತು. ಕೊನೆಯ ಎಪಿಸೋಡಿನ ರಾತ್ರಿ ಎಚ್‌ಬಿಒ ಮ್ಯಾಕ್ಸ್ ಸರ್ವರ್‌ಗಳೇ ಕೈಕೊಟ್ಟವು.

ವಾರಕ್ಕೊಂದು ಎಪಿಸೋಡ್ ಬಂದಾಗ ಎರಡನೇ ಎಪಿಸೋಡಿನ ಅಭಿಪ್ರಾಯಕ್ಕೆ ಒಂದು ವಾರ ಆಯಸ್ಸು ಇರುತ್ತದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಓದಿ, ಹಿಂದಕ್ಕೆ ಹೋಗಿ ಮತ್ತೆ ನೋಡಿ, ಬೇರೆ ಊಹೆ ಕಟ್ಟುತ್ತಾರೆ. ಎಲ್ಲ ಎಪಿಸೋಡ್ ಒಂದೇ ದಿನ ಬಿಟ್ಟರೆ ಅದೇ ಅಭಿಪ್ರಾಯ ಸಂಜೆಯೊಳಗೆ ಹಳಸುತ್ತದೆ, ಅಷ್ಟರಲ್ಲಿ ಯಾರೋ ಕೊನೆಯದನ್ನೂ ನೋಡಿ ಮುಗಿಸಿರುತ್ತಾರೆ. ಊಹೆಗೆ ಜಾಗ ಇಲ್ಲ, ಸ್ಪಾಯ್ಲರ್ ಭಯ, ಅಂದರೆ ಯಾರಾದರೂ ಗುಟ್ಟು ಮೊದಲೇ ಹೇಳಿಬಿಟ್ಟಾರು ಎಂಬ ಭಯ ಮಾತ್ರ ಉಳಿಯುತ್ತದೆ.

ಸ್ಪಾಯ್ಲರ್ ಬಗ್ಗೆ ಒಂದು ತಮಾಷೆಯ ಸಂಗತಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಕೇಂದ್ರದ ಇಬ್ಬರು ಸಂಶೋಧಕರು 2011ರಲ್ಲಿ ಪತ್ತೇದಾರಿ ಕಥೆಗಳೂ ಸೇರಿದಂತೆ 12 ಸಣ್ಣಕಥೆಗಳನ್ನು ಓದಿಸಿ ಪರೀಕ್ಷಿಸಿದರು. ಮುಕ್ತಾಯ ಮೊದಲೇ ಗೊತ್ತಿದ್ದವರು ಕಥೆಯನ್ನು ಕಡಿಮೆ ಅಲ್ಲ, ಸ್ವಲ್ಪ ಜಾಸ್ತಿಯೇ ಮೆಚ್ಚಿದರು. ಆಮೇಲಿನ ಕೆಲವು ಅಧ್ಯಯನಗಳಲ್ಲಿ ಉಲ್ಟಾ ಫಲಿತಾಂಶವೂ ಬಂದಿದೆ. ಅದಿರಲಿ, ಹತ್ತು ಪುಟದ ಕಥೆಗೂ ಎಂಟು ವಾರ ಕಾಯಿಸುವ ಸೀರೀಸಿಗೂ ವ್ಯತ್ಯಾಸವಿದೆ ಅಲ್ವಾ? ಗುಟ್ಟು ತಿಳಿದರೆ ಕಥೆ ಕೆಡದೆ ಇರಬಹುದು. ಕಾಯುವ ಖುಷಿ ಮಾತ್ರ ಹೋಗುತ್ತದೆ.

ಅಂಕಿ ರೂಪದ ಅಭಿಪ್ರಾಯದ ಬಗ್ಗೆ, ಅಂದರೆ ಸ್ಟಾರ್, ಲೈಕ್, ಹತ್ತಕ್ಕೆ ಇಷ್ಟು ಎಂಬ ಲೆಕ್ಕದ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಮೊದಲ ಗಂಟೆಗಳಲ್ಲಿ ಅಂಕ ಕೊಡುವವರು ಹುಚ್ಚು ಹಿಡಿದು ಮೆಚ್ಚಿದವರು ಅಥವಾ ಸಿಟ್ಟಾದವರು. ಪರವಾಗಿಲ್ಲ ಅನ್ನಿಸಿದವರು ಎದ್ದು ಮಲಗಲು ಹೋಗಿರುತ್ತಾರೆ. ಮೊದಲು ಬಿದ್ದ ಅಂಕ ಮುಂದಿನವರನ್ನೂ ಎಳೆಯುತ್ತದೆ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗದಲ್ಲಿ ಒಂದು ಜಾಲತಾಣದ ಲಕ್ಷಕ್ಕೂ ಹೆಚ್ಚು ಕಾಮೆಂಟುಗಳ ಮೇಲೆ ಪರೀಕ್ಷೆ ನಡೆಸಿದರು. ಯಾವುದೋ ಕೆಲವಕ್ಕೆ ಸುಮ್ನೆ ಒಂದು ಮೆಚ್ಚುಗೆಯ ಮತ ಹಾಕಿ ಬಿಟ್ಟರು. ಅದನ್ನು ಮೊದಲು ನೋಡಿದವರು ಮೆಚ್ಚುಗೆ ಒತ್ತುವ ಸಾಧ್ಯತೆ ಶೇ 32ರಷ್ಟು ಏರಿತು. ಕೊನೆಯ ಅಂಕವೂ ಸರಾಸರಿ ಶೇ 25 ಹೆಚ್ಚಾಯಿತು. ಸುಳ್ಳು ತೆಗಳಿಕೆಯನ್ನು ಮಾತ್ರ ಜನರೇ ತಿದ್ದಿದರು. ಹೊಗಳಿಕೆಯ ಹಿಂದೆ ಹೋಗುವಷ್ಟು ಸುಲಭವಾಗಿ ನಾವು ತೆಗಳಿಕೆಯ ಹಿಂದೆ ಹೋಗುವುದಿಲ್ಲ ಎಂದಾಯಿತು. ಆದರೆ ಗುಂಪುಕಟ್ಟಿಕೊಂಡು ಬಂದು ಒಂದು ಸ್ಟಾರ್ ಸುರಿಯುವುದು ಬೇರೆ ಕಥೆ. ಅದನ್ನು ತಡೆಯಲು 2022ರಲ್ಲಿ ಅಮೆಜಾನ್ ಪ್ರೈಮ್ ವಿಡಿಯೊ ಹೊಸ ರಿವ್ಯೂಗಳನ್ನು 72 ಗಂಟೆ ತಡೆಹಿಡಿದು ಪರಿಶೀಲಿಸುವ ಕ್ರಮ ತಂದಿತ್ತು. ನೆಟ್‌ಫ್ಲಿಕ್ಸ್ 2017ರಲ್ಲೇ ಸ್ಟಾರ್ ತೆಗೆದು, ಮೆಚ್ಚಿದರೆ ಮೇಲೆ, ಇಲ್ಲದಿದ್ದರೆ ಕೆಳಗೆ ಎಂಬ ಹೆಬ್ಬೆರಳ ಗುರುತು ಇಟ್ಟಿತು.

ನಿಜ ಹೇಳಬೇಕೆಂದರೆ ವೇದಿಕೆಗಳು ನಮ್ಮ ಮಾತಿಗಿಂತ ನಮ್ಮ ರಿಮೋಟನ್ನೇ ಹೆಚ್ಚು ಕೇಳುತ್ತವೆ. ಆದರೆ ಆ ಲೆಕ್ಕವೂ ಅಲುಗಾಡುವಂಥದ್ದೇ. ಒಂದು ಕಾಲಕ್ಕೆ ನೆಟ್‌ಫ್ಲಿಕ್ಸ್ ಎರಡು ನಿಮಿಷ ನೋಡಿದವರನ್ನೂ ನೋಡುಗರ ಲೆಕ್ಕಕ್ಕೆ ಸೇರಿಸುತ್ತಿತ್ತು. 2021ರಲ್ಲಿ ಒಟ್ಟು ಗಂಟೆಗಳಿಗೆ ಬಂತು. 2023ರಿಂದ ಆ ಗಂಟೆಗಳನ್ನು ಸೀರೀಸಿನ ಉದ್ದದಿಂದ ಭಾಗಿಸಿ ಲೆಕ್ಕ ಹಾಕುತ್ತಿದೆ. ಎರಡನೇ ಎಪಿಸೋಡಿನ ಮಧ್ಯೆ ಒಬ್ಬ ನಿಲ್ಲಿಸಿದ ಎಂಬುದು ಈ ಲೆಕ್ಕಕ್ಕೆ ಸಿಗುತ್ತದೆ. ಅವನು ಬೇಸತ್ತು ನಿಲ್ಲಿಸಿದನೋ, ಮಗು ಎದ್ದಿತೆಂದು ನಿಲ್ಲಿಸಿದನೋ, ಮಗಳನ್ನು ಕಳೆದುಕೊಂಡ ತಾಯಿಯ ದೃಶ್ಯ ನೋಡಲಾಗದೆ ನಿಲ್ಲಿಸಿದನೋ, ಅದು ಸಿಗುವುದಿಲ್ಲ. ಅದು ಸಿಗುವುದು ಜನ ಬರೆಯುವ ಮಾತಿನಲ್ಲಿ ಮಾತ್ರ.

ಹಾಗಾಗಿ ಆರಂಭದ ಅಭಿಪ್ರಾಯ ಓದುವಾಗ ನಾನು ತೀರ್ಪು ಬಿಟ್ಟು ವಿವರ ಹುಡುಕುತ್ತೇನೆ. ನಿಧಾನ, ಗೊಂದಲ, ಪಾತ್ರ ಜಾಸ್ತಿ, ಕತ್ತಲು ಜಾಸ್ತಿ ಎಂಬ ದೂರುಗಳು ಮುಂದಿನ ಎಪಿಸೋಡ್‌ಗಳಲ್ಲಿ ಕರಗಿಹೋಗುವುದುಂಟು. ನಾಲ್ಕನೆಯದರ ಹೊತ್ತಿಗೆ ಹೆಸರುಗಳು ನಾಲಿಗೆಗೆ ಹತ್ತಿರುತ್ತವೆ. ಕರಗದ ದೂರುಗಳೂ ಇವೆ. ಫೋನ್ ಮಾಡಿದರೆ ಮುಗಿಯುವ ಕೆಲಸಕ್ಕೆ ಪತ್ತೇದಾರ ಒಬ್ಬನೇ ರಾತ್ರಿ ಹಾಳು ಗೋದಾಮಿಗೆ ಹೋದ, ಕಥೆಗೆ ಬೇಕಾಯಿತೆಂದು ಸಾಕ್ಷಿ ಇದ್ದಕ್ಕಿದ್ದಂತೆ ಸುಳ್ಳು ಹೇಳಿದಳು, ಮೊದಲ ಎಪಿಸೋಡಿನಲ್ಲಿ ತೋರಿಸಿದ ಗಾಯ ಎರಡನೆಯದರಲ್ಲಿ ಬೇರೆ ಕಡೆ ಇದೆ, ಈ ಥರದವು. ಕಥೆ ಮುಂದೆ ಹೋಗಲು ಪಾತ್ರವನ್ನು ದಡ್ಡ ಮಾಡುವ ಬರಹಗಾರ ಎರಡನೇ ಎಪಿಸೋಡಿನಲ್ಲಿ ಹಾಗೆ ಮಾಡಿದ್ದರೆ ಏಳನೆಯದರಲ್ಲೂ ಮಾಡುತ್ತಾನೆ. ಅಂಥ ಒಂದು ಕಾಮೆಂಟ್ ಕಣ್ಣಿಗೆ ಬಿದ್ದರೆ ನಾನು ಹಿಂದಕ್ಕೆ ಹೋಗಿ ಆ ದೃಶ್ಯ ನೋಡುತ್ತೇನೆ. ಹೇಳಿದ್ದು ನಿಜವಾಗಿದ್ದರೆ, ನಾಲ್ಕನೇ ಎಪಿಸೋಡ್ ತನಕ ತಾಳಿ ಎನ್ನುವ ಅಭಿಮಾನಿಯ ಮಾತು ಕೇಳುವ ಗೋಜಿಗೆ ಹೋಗದೆ ಬೇರೆ ಸೀರೀಸ್ ಹಾಕಿಕೊಳ್ಳುತ್ತೇನೆ.